ಹರಾಜಿನಲ್ಲಿ ಹಳೇ ಕುರ್ಚಿ, ಹಳೇ ಉಡುಪು: ಸುತ್ತಿಗೆ ಬೀಳುವ ಮುಂಚಿನ ಕೆಲಸ

2025ರ ಜುಲೈ 10ರಂದು ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ ನಟಿ ಜೇನ್ ಬರ್ಕಿನ್ ಅವರ ಬ್ಯಾಗು ಮಾರಾಟವಾಯಿತು. ಎರ್ಮೆಸ್ ಕಂಪನಿ ಅವರಿಗಾಗಿಯೇ ಮಾಡಿಕೊಟ್ಟ ಮೊಟ್ಟಮೊದಲ ‘ಬರ್ಕಿನ್’ ಬ್ಯಾಗು ಅದು. ಸುತ್ತಿಗೆ ಬಿದ್ದದ್ದು, ಅಂದರೆ ಕೊನೆಯ ಕೂಗು ನಿಂತದ್ದು, 70 ಲಕ್ಷ ಯೂರೋಗೆ, ಕೊಂಡವರು ತೆತ್ತದ್ದು ಸುಮಾರು 86 ಲಕ್ಷ. ನಡುವಿನ ಹದಿನಾರು ಲಕ್ಷ ಶುಲ್ಕದ ಲೆಕ್ಕಕ್ಕೆ ಹೋಯಿತು.

ಸೊನ್ನೆಗಳನ್ನು ಅಳಿಸಿದರೆ 300 ಪೌಂಡಿನ ಡ್ಯಾನಿಶ್ ಕುರ್ಚಿಯದ್ದೂ ಇದೇ ಕಥೆ. ನಮ್ಮ ಕಡೆ ದೇವಸ್ಥಾನದಲ್ಲಿ ಅಮ್ಮನವರ ಸೀರೆ ಹರಾಜು ಹಿಡಿದರೆ ಕೂಗಿದ್ದೇ ಬೆಲೆ. ದುಡ್ಡು ಎಣಿಸಿಕೊಟ್ಟು ಸೀರೆ ಕಣ್ಣಿಗೊತ್ತಿಕೊಂಡು ಬಂದರಾಯಿತು. ಲಂಡನ್, ಷಿಕಾಗೊ, ಕೋಪನ್‌ಹೇಗನ್‌ಗಳಲ್ಲಿ ಕೂಗು ಬೆಲೆಯ ಒಂದು ಭಾಗ ಮಾತ್ರ. ಜೊತೆಗೆ ಮಾಲು ‘ಇದ್ದ ಹಾಗೇ’ ಮಾರಾಟ. ಮನೆಗೆ ತಂದ ಮೇಲೆ ಕಾಲು ಅಲುಗಾಡಿದರೆ, ಕಂಕುಳಲ್ಲಿ ಬಟ್ಟೆ ಪಿಸಿದರೆ ವಾಪಸ್ಸಿನ ಮಾತಿಲ್ಲ. ಆದ್ದರಿಂದ ಇಲ್ಲಿ ನಿಜವಾದ ಕೆಲಸವೆಲ್ಲ ಸುತ್ತಿಗೆ ಬೀಳುವ ಮುಂಚೆ. ಹರಾಜಿನ ದಿನ ಮಾಡುವುದು ಬಹಳ ಕಡಿಮೆ.

ಎಲ್ಲಿ ಹುಡುಕಬೇಕು ಎನ್ನುವುದಕ್ಕೆ ಕೆಲವು ಹೆಸರು: ಇಪ್ಪತ್ತನೇ ಶತಮಾನದ ಪೀಠೋಪಕರಣಕ್ಕೆ ಷಿಕಾಗೊದ ರೈಟ್, ನ್ಯೂಜೆರ್ಸಿಯ ರೇಗೊ, ಕೋಪನ್‌ಹೇಗನ್ನಿನ ಬ್ರೂನ್ ರಾಸ್ಮುಸೆನ್, ಸ್ಟಾಕ್‌ಹೋಮ್‌ನ ಬುಕೋವ್ಸ್ಕಿಸ್, ಮ್ಯೂನಿಕ್‌ನ ಕ್ವಿಟೆನ್‌ಬೌಮ್. ಉಡುಪಿಗೆ ಲಂಡನ್ನಿನ ಕೆರ್ರಿ ಟೇಲರ್, ಅಮೆರಿಕದಲ್ಲಿ ಅಗಸ್ಟಾ. ಭಾರತದಲ್ಲಿ ಸ್ಯಾಫ್ರನ್‌ಆರ್ಟ್, ಅಸ್ತಗುರು ಆಗಾಗ ಡಿಸೈನ್ ಹರಾಜು ಇಡುತ್ತವೆ. ಅಗ್ಗಕ್ಕೆ ಸಿಗುವುದು ಮಾತ್ರ ಇಂಥ ದೊಡ್ಡ ಹೆಸರಿನ ಕಡೆ ಅಲ್ಲ, ಊರೂರಿನ ಸಣ್ಣ ಹರಾಜು ಮನೆಗಳಲ್ಲಿ. ಸತ್ತವರ ಮನೆ ಖಾಲಿ ಮಾಡಿಸಿದ ಸಾಮಾನಿನ ನಡುವೆ ‘ತೇಗದ ಕುರ್ಚಿ, ನಾಲ್ಕು’ ಎಂದಷ್ಟೇ ಬರೆದ ಲಾಟ್, ಅಂದರೆ ಒಟ್ಟಿಗೆ ಕೂಗುವ ಒಂದು ಕಂತು, ಬರುತ್ತದೆ. ಅದನ್ನು ಗುರುತಿಸಲು ಕಣ್ಣು ಪಳಗಿರಬೇಕು. ಆ ಕಣ್ಣು ಪಳಗುವುದು ದೊಡ್ಡ ಮನೆಗಳ ಹಳೇ ಕ್ಯಾಟಲಾಗುಗಳನ್ನು ಮಾರಿದ ಬೆಲೆಯ ಸಮೇತ ನೋಡಿ ನೋಡಿ. ಹೆಚ್ಚಿನ ಮನೆಗಳು ಅವನ್ನು ತಮ್ಮ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿರುತ್ತವೆ. ಒಂದು ಮಾದರಿ ಕೊಳ್ಳುವ ಮುಂಚೆ ಅದೇ ಮಾದರಿಯ ಹತ್ತು ಮಾರಾಟವನ್ನಾದರೂ ನೋಡಿ. ಮಾರಾಟವಾಗದೆ ಉಳಿದವನ್ನು ಇನ್ನೂ ಗಮನವಿಟ್ಟು ನೋಡಿ.

ಲೆಕ್ಕವನ್ನು ಹಿಂದಿನಿಂದ ಮಾಡಿ

ಬ್ರಿಟನ್ನಿನ ಮಧ್ಯಮ ಗಾತ್ರದ ಒಂದು ಹರಾಜು ಮನೆ ಎಂದುಕೊಳ್ಳಿ. ಸುತ್ತಿಗೆ ಬೆಲೆ 1,000 ಪೌಂಡ್. ಕೊಳ್ಳುವವರಿಂದ ಹರಾಜು ಮನೆ ತೆಗೆದುಕೊಳ್ಳುವ ಶುಲ್ಕ, ‘ಪ್ರೀಮಿಯಂ’, ಶೇ. 25, ಅಂದರೆ 250. ಆ ಪ್ರೀಮಿಯಂ ಮೇಲೆ ಶೇ. 20 ವ್ಯಾಟ್, 50. ಹರಾಜು ಮನೆಯ ಸ್ವಂತ ಜಾಲತಾಣ ಬಿಟ್ಟು ಬೇರೆ ಆನ್‌ಲೈನ್ ವೇದಿಕೆಯ ಮೂಲಕ ಕೂಗಿದರೆ ಅದರ ಶುಲ್ಕ ಶೇ. 4 ಎಂದಿಟ್ಟುಕೊಳ್ಳಿ, 40. ಅದಕ್ಕೂ ವ್ಯಾಟ್ 8. ಒಟ್ಟು 1,348. ಪ್ಯಾಕಿಂಗ್, ಸಾಗಣೆ 250 ಸೇರಿದರೆ ಸುಮಾರು 1,600.

ಈಗ ತಿರುಗಿಸಿ. ‘ಈ ಕುರ್ಚಿ ನನ್ನ ಮನೆಬಾಗಿಲಿಗೆ 1,600ರೊಳಗೆ ಬರಬೇಕು’ ಎಂದು ಮೊದಲು ಗೆರೆ ಎಳೆಯಿರಿ. ಅದರಲ್ಲಿ ಸಾಗಣೆ ಕಳೆಯಿರಿ, ಉಳಿದ 1,350ನ್ನು 1.348ರಿಂದ ಭಾಗಿಸಿ. ಸಿಕ್ಕಿದ್ದು 1,000. ಅಲ್ಲಿಗೆ ನಿಮ್ಮ ಕೊನೆಯ ಕೂಗು ಅದು. ರಿಪೇರಿ ಬೇಕಿದ್ದರೆ ಅದನ್ನೂ ಮೊದಲೇ ಕಳೆಯಿರಿ. ಸಾಗಣೆಯ ದರವನ್ನು ಗೆದ್ದ ಮೇಲೆ ಕೇಳಿದರೆ ಅವರು ಹೇಳಿದ್ದೇ ದರ. ಹರಾಜಿಗೆ ನಾಲ್ಕು ದಿನ ಮುಂಚೆ ಲಾಟ್ ಸಂಖ್ಯೆ ಕೊಟ್ಟು ಎರಡು ಕಡೆ ಕೇಳಿ.

ಪ್ರೀಮಿಯಂ ಎಲ್ಲ ಕಡೆ ಒಂದೇ ಅಲ್ಲ, ವರ್ಷದಿಂದ ವರ್ಷಕ್ಕೂ ಒಂದೇ ಅಲ್ಲ. ಸದಬೀಸ್ 2024ರಲ್ಲಿ ಅದನ್ನು ಶೇ. 20ಕ್ಕೆ ಇಳಿಸಿ, ಮರುವರ್ಷವೇ ಶೇ. 27ಕ್ಕೆ ಏರಿಸಿತು. ಹೋದ ಸಲದ ಲೆಕ್ಕ ನಂಬಿಕೊಂಡು ಕೂಗಬೇಡಿ. ಬ್ರಿಟನ್ನಿನ ಕ್ಯಾಟಲಾಗಿನಲ್ಲಿ ಲಾಟ್ ಸಂಖ್ಯೆಯ ಪಕ್ಕದ ಚಿಹ್ನೆಗಳನ್ನೂ ಬಿಡಬೇಡಿ. ಕಠಾರಿಯಂಥ ಗುರುತಿದ್ದರೆ ಸಾಮಾನ್ಯವಾಗಿ ಸುತ್ತಿಗೆ ಬೆಲೆಯ ಮೇಲೂ ಪೂರ್ತಿ ವ್ಯಾಟ್ ಬೀಳುತ್ತದೆ. ನಕ್ಷತ್ರದ ಗುರುತಿದ್ದರೆ ಹೊರಗಿಂದ ತಂದ ಮಾಲು, ಶೇ. 5 ಆಮದು ವ್ಯಾಟ್. ಅರ್ಥ ಮನೆಯಿಂದ ಮನೆಗೆ ಬದಲಾಗಬಹುದು, ಷರತ್ತಿನ ಪುಟದಲ್ಲಿ ಒಂದು ಸಾಲಿನ ವಿವರಣೆ ಇದ್ದೇ ಇರುತ್ತದೆ.

ಬೆಂಗಳೂರಿನಲ್ಲಿ ಕೂತು ಹೊರದೇಶದ ಹರಾಜಿನಲ್ಲಿ ಕೂಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಯಂತ್ರೋಪಕರಣ ಬಿಟ್ಟು ಉಳಿದ ಬಳಸಿದ ಸಾಮಾನು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ. ತರಿಸಲು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ ಬೇಕು. ಬಳಸಿದ ಬಟ್ಟೆಯೂ ನಿರ್ಬಂಧಿತ. ನೂರು ವರ್ಷ ದಾಟಿದ ವಸ್ತುವಿಗೆ ಕಸ್ಟಮ್ಸ್‌ನಲ್ಲಿ ಪುರಾತನ ವಸ್ತುವಿನ ಪ್ರತ್ಯೇಕ ಶೀರ್ಷಿಕೆ ಇದೆ, 1956ರ ಕುರ್ಚಿಗೆ ಅದು ಸಿಗುವುದಿಲ್ಲ. ವಿದೇಶದಲ್ಲಿ ನೆಲೆಸಿ ಊರಿಗೆ ಮರಳುವವರ ಮನೆಸಾಮಾನಿಗೆ ಬೇರೆ ನಿಯಮವಿದೆ. ಹಾಗಾಗಿ ದೊಡ್ಡ ಸಾಮಾನು ಕೊಳ್ಳಲು ಸುಲಭದ ಕಾಲವೆಂದರೆ ಅಲ್ಲೇ ವಾಸವಿರುವಾಗ. ಕೊರಿಯರಿನಲ್ಲಿ ‘ಉಡುಗೊರೆ’ ಎಂದು ಬರೆಸಿ ತರಿಸುವ ಸಲಹೆ ಕೊಡುವವರು ಬಹಳ ಮಂದಿ. ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಾಗ ಅವರು ಯಾರೂ ಫೋನ್ ಎತ್ತುವುದಿಲ್ಲ.

ಕ್ಯಾಟಲಾಗು ಹೇಳಿದ್ದು, ಹೇಳದೆ ಬಿಟ್ಟದ್ದು

ಕ್ಯಾಟಲಾಗಿನಲ್ಲಿ ಪ್ರತಿ ಪದಕ್ಕೂ ಕಾನೂನಿನ ತೂಕವಿದೆ. ವಿನ್ಯಾಸಕಾರರ ಹೆಸರು ಮಾತ್ರ ಬರೆದಿದ್ದರೆ ಅದು ಅವರದ್ದೇ ಎಂದು ಮನೆ ಹೇಳುತ್ತಿದೆ. ‘ಅಟ್ರಿಬ್ಯೂಟೆಡ್ ಟು’ ಎಂದರೆ ಇರಬಹುದು ಅಂತ. ‘ಆಫ್ಟರ್’, ‘ಇನ್ ದ ಸ್ಟೈಲ್ ಆಫ್’ ಎಂದರೆ ಅವರದ್ದಲ್ಲ, ಅಷ್ಟೇ. ಕ್ರಿಸ್ಟೀಸ್‌ನಂಥ ದೊಡ್ಡ ಮನೆಗಳು ಅಸಲಿತನಕ್ಕೆ ಐದು ವರ್ಷದ ಖಾತ್ರಿ ಕೊಡುತ್ತವೆ. ಆದರೆ ಅದು ದೊಡ್ಡಕ್ಷರದ ಶೀರ್ಷಿಕೆಗೆ ಮಾತ್ರ, ಕೆಳಗಿನ ರಸವತ್ತಾದ ವಿವರಣೆಗಲ್ಲ.

ಹೆಚ್ಚು ಜನ ಎಡವುವುದು ಇಸವಿಯಲ್ಲಿ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಜೇಕಬ್ಸನ್ ಎಗ್ ಕುರ್ಚಿಯನ್ನು ಕೋಪನ್‌ಹೇಗನ್ನಿನ ಎಸ್‌ಎಎಸ್ ಹೋಟೆಲಿಗಾಗಿ ವಿನ್ಯಾಸ ಮಾಡಿದ್ದು 1958ರಲ್ಲಿ. ಫ್ರಿಟ್ಸ್ ಹ್ಯಾನ್ಸನ್ ಕಂಪನಿ ಅದನ್ನು ಇವತ್ತಿಗೂ ತಯಾರಿಸುತ್ತದೆ. ಹೋದ ತಿಂಗಳು ಕಾರ್ಖಾನೆ ಬಿಟ್ಟ ಕುರ್ಚಿಗೂ ‘ವಿನ್ಯಾಸ 1958’ ಎಂದು ಬರೆದರೆ ಸುಳ್ಳಲ್ಲ. ನಿಮಗೆ ಬೇಕಾದದ್ದು ತಯಾರಾದ ಇಸವಿ. ಅದು ಬರೆದಿಲ್ಲವೆಂದರೆ ಕೇಳಿ.

ಅಂದಾಜು ಬೆಲೆ ಎರಡು ಅಂಕಿಯಲ್ಲಿರುತ್ತದೆ, 600ರಿಂದ 800 ಎಂಬಂತೆ. ಮಾರುವವರ ಗುಟ್ಟಿನ ಕನಿಷ್ಠ ಬೆಲೆ ಸಾಮಾನ್ಯವಾಗಿ ಕೆಳಗಿನ ಅಂಕಿಯನ್ನು ಮೀರುವುದಿಲ್ಲ. ತೀರ ಕಡಿಮೆ ಅಂದಾಜು ಕಂಡರೆ ಹಿಗ್ಗಬೇಡಿ, ಅದು ಜನ ಸೇರಿಸಲು ಹಾಕಿದ ಕಾಳು.

ಸ್ಥಿತಿಯ ವರದಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ‘ವಯಸ್ಸಿಗೆ ತಕ್ಕ ಸವೆತ’ ಎಂಬ ಸಾಲಿಗೆ ಅರ್ಥವೇ ಇಲ್ಲ. ‘ಕುರ್ಚಿ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಹೌದು-ಇಲ್ಲ ಎಂದು ಉತ್ತರಿಸಲೇಬೇಕಾದ ಪ್ರಶ್ನೆ ಹಾಕಿ: ಕಾಲುಗಳ ಉದ್ದ ನಾಲ್ಕೂ ಸಮವೇ, ಯಾವುದನ್ನಾದರೂ ಕೊಯ್ದಿದ್ದಾರೆಯೇ? ಪಾಲಿಶ್ ಕೆರೆದು ಹೊಸದಾಗಿ ಹಾಕಿದೆಯೇ? ಕುಟ್ಟೆ ಹುಳುವಿನ ತೂತು ಇದೆಯೇ, ಇದ್ದರೆ ಕೆಳಗೆ ಹಿಟ್ಟು ಉದುರುತ್ತಿದೆಯೇ? ಬಟ್ಟೆ, ಸ್ಪಂಜು ಮೊದಲಿನದೇ? ತಳದ, ಕೀಲುಗಳ, ಗುರುತುಚೀಟಿಯ ಚಿತ್ರ ಕಳಿಸುತ್ತೀರಾ? ಹರಾಜಿಗೆ ಎರಡು ದಿನ ಮುಂಚೆ ಈ ಮಿಂಚಂಚೆ ಹೋಗಿರಬೇಕು. ಹಿಂದಿನ ಸಂಜೆ ಕಳಿಸಿದರೆ ಅವರಿಗೂ ಪುರುಸೊತ್ತಿರುವುದಿಲ್ಲ. ಚಿತ್ರ ಕಳಿಸಲು ಹಿಂದೆಮುಂದೆ ನೋಡುವ ಮನೆಯಿಂದ ಕೊಳ್ಳದಿರುವುದೇ ವಾಸಿ.

ಕುರ್ಚಿಯನ್ನು ತಲೆಕೆಳಗು ಮಾಡಿ

ಪೀಠೋಪಕರಣದ ಸತ್ಯ ಅದರ ತಳದಲ್ಲಿರುತ್ತದೆ. ಹರಾಜಿಗೆ ಮುಂಚೆ ಮಾಲು ನೋಡಲು ಬಿಡುವ ಪ್ರದರ್ಶನದ ದಿನ ಹೋಗಲು ಸಾಧ್ಯವಾದರೆ ಟಾರ್ಚು, ಟೇಪು, ಸಣ್ಣ ಕನ್ನಡಿ ಒಯ್ಯಿರಿ. ಸಿಬ್ಬಂದಿಯನ್ನು ಕೇಳಿದರೆ ತಿರುಗಿಸಿ ತೋರಿಸುತ್ತಾರೆ.

ಎಲ್ಲರೂ ಬಯಸುವ ಒಂದನ್ನೇ ಹತ್ತಿರದಿಂದ ನೋಡೋಣ: ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಲೌಂಜ್ ಕುರ್ಚಿ. 1956ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಹೊರತಂದ ಇದರ ಕುರ್ಚಿಗೆ 670, ಕಾಲುಮಣೆಗೆ 671 ಎಂದು ಸಂಖ್ಯೆ. ಬಾಗಿಸಿದ ಪ್ಲೈವುಡ್ಡಿನ ಮೂರು ಚಿಪ್ಪು, ಮೇಲೆ ಚರ್ಮದ ದಿಂಬು. ಮೊದಲು ಬುಡ ನೋಡಿ: ಕುರ್ಚಿಗೆ ಐದು ಕಾಲು, ಕಾಲುಮಣೆಗೆ ನಾಲ್ಕು. ಕುರ್ಚಿಗೇ ನಾಲ್ಕು ಕಾಲಿದ್ದರೆ ನಕಲು. ಚಿಪ್ಪಿನ ಹೊರಮೈಯಲ್ಲಿ ಸ್ಕ್ರೂ, ಬೋಲ್ಟಿನ ತಲೆ ಕಾಣಬಾರದು. ಕಂಡರೆ ಅದೂ ನಕಲು. ಅದೇ ಕಾಲದಲ್ಲಿ ಅಮೆರಿಕದ ಪ್ಲೈಕ್ರಾಫ್ಟ್ ಕಂಪನಿ ಇದೇ ಚಹರೆಯ ಕುರ್ಚಿಗಳನ್ನು ಮಾಡುತ್ತಿತ್ತು. ಅವಕ್ಕೂ ಈಗ ಅರವತ್ತು ವರ್ಷ, ಹಳತಾಗಿ ಕಾಣುವುದರಿಂದ ಮೋಸ ಹೋಗುವುದು ಸುಲಭ. ಪ್ಲೈಕ್ರಾಫ್ಟ್ ಎಂದು ತಿಳಿದು, ಅದರ ಬೆಲೆಗೆ ಕೊಂಡರೆ ತಪ್ಪಿಲ್ಲ, ಕೂರಲು ಅದೂ ಹಿತವೇ.

ಇನ್ನು ಚಿಪ್ಪಿನ ಅಂಚಿಗೆ ಟಾರ್ಚು ಬಿಟ್ಟು ಪದರ ಎಣಿಸಿ. ಐದು ಪದರ ಇದ್ದರೆ ಹಳೆಯದು. ಏಳು ಪದರ 1990ರ ದಶಕದಿಂದ ಈಚಿನದು. ಕೈಯಾಸರೆಯ ಕೆಳಗೆ ಮೂರು ಸ್ಕ್ರೂ ಇದ್ದರೆ ತೀರ ಮೊದಲಿನ ವರ್ಷಗಳ ಮಾಲು, ಎರಡಿದ್ದರೆ ಆಮೇಲಿನದು. ಚೀಟಿಯನ್ನು ಕೊನೆಗೆ ನೋಡಿ. ಚೀಟಿ ಅಂಟಿಸುವುದು ಸುಲಭ, ಪದರ ಕಡಿಮೆ ಮಾಡುವುದು ಕಷ್ಟ.

ಈ ಕುರ್ಚಿ ಕೈಕೊಡುವುದು ಒಂದೇ ಜಾಗದಲ್ಲಿ. ಬೆನ್ನಿನ ಕೆಳಚಿಪ್ಪನ್ನು ಕೈಯಾಸರೆಗೆ ಹಿಡಿದಿಟ್ಟಿರುವುದು ಒಳಗೆ ಅಂಟಿಸಿದ ರಬ್ಬರ್ ಬಿಲ್ಲೆಗಳು. ದಶಕಗಳು ಕಳೆದಂತೆ ರಬ್ಬರ್ ಕಲ್ಲಾಗುತ್ತದೆ, ಅಂಟು ಬಿಡುತ್ತದೆ. ಒಂದು ಬದಿ ಬಿಟ್ಟಿತೆಂದರೆ ಒರಗಿದವರ ಭಾರವೆಲ್ಲ ಇನ್ನೊಂದು ಬದಿಗೆ ಬಿದ್ದು ಮರವನ್ನೇ ಕಿತ್ತುಕೊಂಡು ಬರುತ್ತದೆ. ಚಿಪ್ಪು ಸೀಳಿದ ಮೇಲೆ ದುರಸ್ತಿ ಮಾಡಿದರೂ ಅರ್ಧ ಬೆಲೆ ಹೋದ ಹಾಗೆ. ಆದ್ದರಿಂದ ನೋಡಲು ಹೋದಾಗ ಕೂತು ಒರಗಬೇಡಿ. ಬೆನ್ನಿನ ಮೇಲ್ತುದಿ ಹಿಡಿದು ಮೆಲ್ಲಗೆ ಆಡಿಸಿ. ಎರಡೂ ಬದಿ ಒಂದೇ ಬಿಗಿಯಲ್ಲಿ ಅಲುಗಬೇಕು. ಕೈಯಾಸರೆಯ ನೇರಕ್ಕೆ ಚಿಪ್ಪಿನ ಹಿಂಭಾಗದಲ್ಲಿ ಕೂದಲೆಳೆಯಂಥ ಸೀಳು ಇದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ರಬ್ಬರ್ ಬದಲಾಯಿಸಿದ್ದಾರೆ ಎಂದು ವರದಿ ಹೇಳಿದರೆ ಅದು ದೋಷವಲ್ಲ, ಒಳ್ಳೆಯ ಸುದ್ದಿ.

ಹಳೆಯ ಈಮ್ಸ್ ಕುರ್ಚಿಗಳ ಮೇಲ್ಪದರ ಬ್ರೆಜಿಲಿನ ಬೀಟೆ. ಈ ಮರ 1992ರಲ್ಲಿ, ಅಳಿವಿನಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲನೇ, ಅತಿ ಬಿಗಿಯಾದ ಅನುಬಂಧಕ್ಕೆ ಸೇರಿತು; ಬ್ರಿಟನ್, ಯುರೋಪಿನಲ್ಲಿ ಇದನ್ನು ಮಾರಲಿಕ್ಕೇ ಪ್ರಮಾಣಪತ್ರ ಬೇಕು, ಗಡಿ ದಾಟಿಸಲು ಬೇರೆ ಪರವಾನಗಿ. 2017ರಿಂದ ಬೀಟೆ ಕುಲದ ಉಳಿದ ಮರಗಳೂ, ನಮ್ಮ ಮಲೆನಾಡಿನ ಬೀಟೆ ಸೇರಿ, ಎರಡನೇ ಅನುಬಂಧದಲ್ಲಿವೆ. ಡ್ಯಾನಿಶ್ ಕ್ಯಾಟಲಾಗಿನಲ್ಲಿ ‘ಪಾಲಿಸಾಂಡರ್’ ಎಂದು ಕಂಡರೆ ಅದೂ ಬೀಟೆಯೇ. ಪ್ರಮಾಣಪತ್ರದ ಸಂಖ್ಯೆ ಕ್ಯಾಟಲಾಗಿನಲ್ಲಿ ಇಲ್ಲದಿದ್ದರೆ ಕೂಗುವ ಮುಂಚೆ ಕೇಳಿ. ತೇಗಕ್ಕೆ ಈ ಕಾಟವಿಲ್ಲ. ದೇಶ ಬಿಟ್ಟು ದೇಶಕ್ಕೆ ಹೋಗುವ ಸಂಭವವಿದ್ದರೆ ತೇಗದ ಸಾಮಾನೇ ಜಾಣತನ.

ಉಳಿದವನ್ನು ಬೇಗ ಹೇಳಿಬಿಡಬಹುದು. ಹಾನ್ಸ್ ವೇಗ್ನರ್ 1949ರಲ್ಲಿ ರೂಪಿಸಿದ ವಿಶ್‌ಬೋನ್ ಕುರ್ಚಿಯ ಆಸನ ಕಾಗದದ ಹುರಿಯ ನೇಯ್ಗೆ. ಒಂದಕ್ಕೆ ಸುಮಾರು 120 ಮೀಟರ್ ಹುರಿ ಹಿಡಿಯುತ್ತದೆ. ಜೋತುಬಿದ್ದಿದ್ದರೆ ಹೊಸದಾಗಿ ನೇಯಿಸಬೇಕು. ಬೆತ್ತ ಹೆಣೆಯುವವರು ಎಲ್ಲರಿಗೂ ಇದು ಬರುವುದಿಲ್ಲ. ಎಗ್ ಕುರ್ಚಿಯನ್ನು ಒತ್ತಿದಾಗ ಬಟ್ಟೆಯಡಿ ಚರಚರ ಸದ್ದು ಬಂದರೆ, ನೆಲದ ಮೇಲೆ ಕಂದು ಪುಡಿ ಕಂಡರೆ ಒಳಗಿನ ಸ್ಪಂಜು ಸತ್ತಿದೆ. ಮೇಲ್ಹೊದಿಕೆ ಬಿಚ್ಚಿ ಹಾಕುವ ಖರ್ಚು ಸುತ್ತಿಗೆ ಬೆಲೆಗೆ ಸಮನಾಗಬಹುದು. ಹಳೇ ದೀಪದ ವೈರು ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿಯೇ ಉರಿಸಿ. ಅಮೆರಿಕದ ದೀಪದ ಹೋಲ್ಡರು, ಸ್ವಿಚ್ಚು 110 ವೋಲ್ಟಿಗೆ ಮಾಡಿದ್ದು, ನಮ್ಮ 230ಕ್ಕೆ ಅವನ್ನೂ ಬದಲಿಸಬೇಕು. ತೆಗೆದ ಭಾಗಗಳನ್ನು ಎಸೆಯದೆ ಚೀಲಕ್ಕೆ ಹಾಕಿಡಿ, ಮುಂದೆ ಮಾರುವಾಗ ಬೆಲೆ ಇದೆ.

ಚಂಡೀಗಢದ ಕುರ್ಚಿ

ಭಾರತದ್ದೇ ಆದ ಈ ಮಾಲು ಇವತ್ತು ಪ್ಯಾರಿಸ್, ನ್ಯೂಯಾರ್ಕ್ ಹರಾಜುಗಳ ಕಾಯಂ ಅತಿಥಿ. ಸ್ವಿಸ್ ವಾಸ್ತುಶಿಲ್ಪಿ ಪಿಯೆರ್ ಜ್ಯಾನರೆ ತನ್ನ ದಾಯಾದಿ ಲೆ ಕಾರ್ಬೂಸಿಯೇ ಜೊತೆ ಚಂಡೀಗಢ ಕಟ್ಟಲು 1951ರಲ್ಲಿ ಬಂದು 1965ರವರೆಗೆ ಇದ್ದರು. ಕಚೇರಿ, ಕೋರ್ಟು, ವಿಶ್ವವಿದ್ಯಾಲಯಗಳಿಗೆ ತೇಗ, ಶೀಶಮ್, ಬೆತ್ತದಲ್ಲಿ ಸಾವಿರಾರು ಕುರ್ಚಿ-ಮೇಜು ಮಾಡಿಸಿದರು. ಯೂಲಿ ಚೌಧರಿಯವರಂಥ ಭಾರತೀಯ ವಾಸ್ತುಶಿಲ್ಪಿಗಳ ಪಾಲೂ ಅದರಲ್ಲಿದೆ. ಮುಂದೆ ಅವೇ ಸವೆದು, ‘ಕಂಡಮ್’ ಆಗಿ, ಸರ್ಕಾರಿ ಗುಜರಿ ಹರಾಜಿನಲ್ಲಿ ಹೋದವು. ಯುರೋಪಿನ ವ್ಯಾಪಾರಿಗಳು ಎತ್ತಿಕೊಂಡರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವುಗಳ ಮಾರಾಟ, ರಫ್ತು ತಡೆಯಲು ಆದೇಶ ಹೊರಡಿಸಿತು. ಆದರೆ 1972ರ ಪುರಾತನ ವಸ್ತು ಕಾಯಿದೆ ಹಿಡಿಯುವುದು ನೂರು ವರ್ಷ ದಾಟಿದ್ದನ್ನು, ಆ ಕುರ್ಚಿಗಳಿಗೆ ಎಪ್ಪತ್ತರ ಆಸುಪಾಸು. ಹೊರದೇಶದ ಹರಾಜಿನಲ್ಲಿ ಅವು ನಿಲ್ಲದಿರುವುದು ಇದಕ್ಕೇ.

ನಕಲು ಮಾಡಲು ಇದರಷ್ಟು ಸುಲಭದ ಮಾಲು ಇನ್ನೊಂದಿಲ್ಲ. ಹಲವು ಬಡಗಿಗಳು ಕೈಯಲ್ಲೇ ಮಾಡಿದ್ದರಿಂದ ಅಸಲಿನಲ್ಲೂ ಅಳತೆ ಒಂದೇ ಸಮ ಇಲ್ಲ. ‘ಅರ್ಧ ಇಂಚು ವ್ಯತ್ಯಾಸ, ಆದ್ದರಿಂದ ನಕಲು’ ಎನ್ನಲು ಬರುವುದಿಲ್ಲ. ಬೆನ್ನ ಹಿಂದೆ ಇಲಾಖೆಯ ಅಕ್ಷರ, ಸಂಖ್ಯೆಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಬಣ್ಣದ ಡಬ್ಬಿ ಯಾರ ಬಳಿಯಾದರೂ ಇರುತ್ತದೆ, ಅಕ್ಷರವನ್ನೇ ನಂಬಬೇಡಿ. ನೋಡಬೇಕಾದ್ದು ಸವೆತ ಬಿದ್ದ ಜಾಗ. ನಿಜವಾಗಿ ಇಪ್ಪತ್ತು-ಮೂವತ್ತು ವರ್ಷ ಗುಮಾಸ್ತರು ಕೂತ ಕುರ್ಚಿಯಲ್ಲಿ ಕೈಯಾಸರೆಯ ಮುಂತುದಿ ನುಣುಪಾಗಿ ದುಂಡಗಾಗಿರುತ್ತದೆ, ಹಿಂಗಾಲಿನ ತುದಿ ಎಳೆದಾಡಿ ಓರೆಯಾಗಿ ಸವೆದಿರುತ್ತದೆ, ಆಸನದ ಕೆಳಗಿನ ಮರ ಮುಟ್ಟುವವರಿಲ್ಲದೆ ಒಣಗಿ ಕಪ್ಪಾಗಿರುತ್ತದೆ. ಎಲ್ಲ ಕಡೆ ಒಂದೇ ಹದವಾಗಿ ‘ಹಳತಾದ’ ಕುರ್ಚಿ ಅನುಮಾನದ್ದು. ಬೆತ್ತ ಹೊಸದಿದ್ದರೆ ತೊಂದರೆಯಿಲ್ಲ, ಬೆತ್ತ ಎಪ್ಪತ್ತು ವರ್ಷ ಬಾಳುವ ವಸ್ತುವೇ ಅಲ್ಲ. ಬೆತ್ತ ಪೋಣಿಸಿದ ತೂತುಗಳೊಳಗೆ ನೋಡಿ: ಹಲವು ಸಲ ಹೆಣೆದ ತೂತಿನ ಬಾಯಿ ಸವೆದು ಅಗಲವಾಗಿರುತ್ತದೆ. ಮತ್ತೆ, ಕಾಗದ. ಸರ್ಕಾರಿ ಹರಾಜಿನ ರಸೀದಿಯಿಂದ ಇವತ್ತಿನ ಮಾಲೀಕರವರೆಗೆ ಕೊಂಡಿ ತಪ್ಪದ ದಾಖಲೆ ಇಲ್ಲದ ಚಂಡೀಗಢ ಕುರ್ಚಿಯನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ.

ರೂಪವಷ್ಟೇ ಬೇಕೆನ್ನುವವರಿಗೆ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಇವುಗಳ ಮರುಸೃಷ್ಟಿಯನ್ನು ಹಾಗೆಂದು ಹೇಳಿಯೇ ಮಾರುತ್ತದೆ. ಅದು ಮೋಸವಲ್ಲ. ಇಂಥ ಹೊಸ ಕುರ್ಚಿಯ ಗುರುತು ಕೆರೆದು ‘1955’ ಎಂದು ಮಾರಿದಾಗ ಮೋಸ.

ಉಡುಪು: ಒಳಮೈ ತಿರುಗಿಸಿ ನೋಡಿ

ಕುರ್ಚಿಗೆ ತಳ ಹೇಗೋ ಉಡುಪಿಗೆ ಒಳಮೈ ಹಾಗೆ. 1950ರ ದಶಕದ ಪ್ಯಾರಿಸ್ ಕುತೂರ್ ಎಂದರೆ ಒಬ್ಬಳೇ ಗಿರಾಕಿಯ ಮೈಗೆ ಹೊಲಿದದ್ದು. ಅದರೊಳಗೆ ಹೊಲಿಗೆಯ ಆಚೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಅಗಲ ಮಾಡಲಿಕ್ಕೆ. ಆ ಅಂಚುಗಳನ್ನು ಕೈಯಲ್ಲಿ ಸುತ್ತಿ ಹೊಲಿದಿರುತ್ತಾರೆ, ಓವರ್‌ಲಾಕ್ ಮಷೀನಿನ ಗುರುತಿರದು. ಸೊಂಟದ ಒಳಗೆ ಬಿಗಿಯಾದೊಂದು ಪಟ್ಟಿ, ಅದಕ್ಕೆ ಕೊಕ್ಕೆ. ಉಡುಪಿನ ಭಾರ ಭುಜದಿಂದ ಜಾರದೆ ಅದರ ಮೇಲೆ ನಿಲ್ಲುತ್ತದೆ. ಡಿಯೋರ್ ಚೀಟಿಯಲ್ಲಿ ಹಂಗಾಮು, ಇಸವಿ ನೇಯ್ದಿದ್ದು, ಜೊತೆಗೊಂದು ಸಂಖ್ಯೆ ಇರುತ್ತದೆ. ‘ಕ್ರಿಸ್ಟಿಯನ್ ಡಿಯೋರ್ ನ್ಯೂಯಾರ್ಕ್’ ಎಂದಿದ್ದರೆ ಅದು ಅಸಲೇ, ಆದರೆ ಕುತೂರ್ ಅಲ್ಲ, ಅಮೆರಿಕದ ಸಿದ್ಧ ಉಡುಪು. ಹೆಸರು ಒಂದೇ, ಬೆಲೆಯಲ್ಲಿ ಅಜಗಜಾಂತರ. ಚೀಟಿಯನ್ನು ಬೇರೆ ಉಡುಪಿಗೆ ಹೊಲಿಯುವ ಕಳ್ಳಾಟ ಹಳೆಯದು. ಚೀಟಿಯ ಸುತ್ತ ಹಳೇ ಸೂಜಿತೂತು ಕಂಡರೆ, ಚೀಟಿಯ ದಾರ ಉಳಿದ ದಾರಕ್ಕಿಂತ ಹೊಳೆಯುತ್ತಿದ್ದರೆ ದೂರವಿರಿ. ಶನೆಲ್ ಜಾಕೆಟ್ಟಿನ ಕೆಳ ಅಂಚಿನೊಳಗೆ ಹಿತ್ತಾಳೆ ಬಣ್ಣದ ಸರಪಳಿ ಇರಬೇಕು, ಬಟ್ಟೆ ನೇರ ಬೀಳಲಿ ಎಂದು. ಇಟಲಿಯ ಎಮಿಲಿಯೊ ಪುಚಿಯ ರೇಷ್ಮೆಯ ಬಣ್ಣದ ಚಿತ್ತಾರದೊಳಗೆ ಅಲ್ಲಲ್ಲಿ ‘ಎಮಿಲಿಯೊ’ ಎಂಬ ಪುಟ್ಟ ಸಹಿ ಅಡಗಿರುತ್ತದೆ. ಎರ್ಮೆಸ್ ಸ್ಕಾರ್ಫು 90 ಸೆಂ.ಮೀ. ಚೌಕ, ಅಂಚನ್ನು ಕೈಯಲ್ಲಿ ಸುರುಳಿ ಮಾಡಿ ಹೊಲಿದದ್ದು. ಸುರುಳಿ ಮೇಲ್ಮೈ ಕಡೆ ಹೊರಳಿರುತ್ತದೆ. ಇಸ್ತ್ರಿಯಲ್ಲಿ ಚಪ್ಪಟೆಯಾದ ಅಂಚು ಬೆಲೆ ಇಳಿಸುತ್ತದೆ.

ಕಾಲ ಗುರುತಿಸಲು ಸಣ್ಣಪುಟ್ಟ ಸಾಕ್ಷಿಗಳೇ ಸಾಕು. ಪಕ್ಕೆಯಲ್ಲಿ ಲೋಹದ ಜಿಪ್ ಇದ್ದರೆ ಹೆಚ್ಚಾಗಿ 1960ರ ದಶಕದ ನಡುವಿಗಿಂತ ಮುಂಚಿನದು. ಒಗೆಯುವ ಸೂಚನೆಯ ಚೀಟಿ ಹೊಲಿದ ಅಮೆರಿಕದ ಉಡುಪು ಹೆಚ್ಚೂಕಡಿಮೆ 1972ರ ಈಚಿನದು, ನಿಯಮ ಬಂದದ್ದು 1971ರ ಕೊನೆಯಲ್ಲಿ. ಬ್ರಿಟನ್ನಿನ ‘ಸಿಸಿ41’ ಮುದ್ರೆ ಯುದ್ಧಕಾಲದ ರೇಷನ್ ಉಡುಪಿನದು, 1941ರಿಂದ 1952. ಲೀವೈಸ್ ಜೀನ್ಸಿನ ಕೆಂಪು ಪಟ್ಟಿಯಲ್ಲಿ ‘ಇ’ ದೊಡ್ಡಕ್ಷರವಾಗಿದ್ದರೆ 1971ಕ್ಕೆ ಮುಂಚಿನದು, ಹಿಂಜೇಬಿನ ಒಳಗೆ ಅಡಗಿದ ರಿವೆಟ್ ಇದ್ದರೆ 1937ರಿಂದ 1966ರ ನಡುವಿನದು. ಆದರೆ ಕಂಪನಿಯೇ ಹಳೇ ಮಾದರಿಗಳನ್ನು ದೊಡ್ಡ ‘ಇ’ ಸಮೇತ ಮತ್ತೆ ಮಾಡಿ ಮಾರಿದೆ. ಗುಂಡಿಯ ಹಿಂಬದಿಯಲ್ಲಿ ‘555’ ಎಂದು ಒತ್ತಿದ್ದರೆ ಅದು 1990ರ ದಶಕದ ಕೊನೆಯ ಮರುತಯಾರಿ. ಒಂದು ಸಾಕ್ಷಿಯಿಂದ ತೀರ್ಮಾನಿಸದೆ ಮೂರಾದರೂ ಹೊಂದುತ್ತವೆಯೇ ನೋಡಿ. ಜಿಪ್ಪನ್ನು ಮಾತ್ರ ಯಾರು ಯಾವಾಗ ಬೇಕಾದರೂ ಬದಲಿಸಿರಬಹುದು.

ಹಾಳಾಗುವ ಜಾಗಗಳೂ ಗೊತ್ತಿರುವವೇ. ಕಂಕುಳು ಮೊದಲನೆಯದು. ಬೆವರು ರೇಷ್ಮೆಯನ್ನು ತಿಂದಿರುತ್ತದೆ, ಅಲ್ಲಿ ಬಣ್ಣ ಬದಲಾದದ್ದು ಬರೀ ಕಲೆ ಅಲ್ಲ, ಎಳೆ ಸತ್ತ ಸೂಚನೆ. 1920ರ ದಶಕದ ಮತ್ತು ಅದಕ್ಕೂ ಹಿಂದಿನ ಕೆಲವು ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಕುಡಿಸುತ್ತಿದ್ದರು. ಅಂಥದ್ದು ನೆರಿಗೆಯ ಉದ್ದಕ್ಕೂ ತಾನೇ ಸೀಳುತ್ತ ಹೋಗುತ್ತದೆ, ಹೊಲಿದು ನಿಲ್ಲಿಸಲು ಸಾಧ್ಯವಿಲ್ಲ. ವರದಿಯಲ್ಲಿ ‘ಶ್ಯಾಟರಿಂಗ್’ ಎಂಬ ಪದ ಕಂಡರೆ ಆ ಉಡುಪು ಪೆಟ್ಟಿಗೆಯಲ್ಲಿಟ್ಟು ನೋಡಲಿಕ್ಕೆ ಮಾತ್ರ. 1960ರ ದಶಕದ ಮಿರಮಿರ ಹೊಳೆಯುವ ಪಾಲಿಯುರೆಥೇನ್ ಕೋಟುಗಳದ್ದು ಬೇರೆ ರೋಗ: ಗಾಳಿಯ ತೇವಕ್ಕೆ ಲೇಪ ಕರಗಿ ಅಂಟಂಟಾಗುತ್ತದೆ. ಮಳೆಗಾಲ ಕಳೆದು ಕಪಾಟಿನಿಂದ ತೆಗೆದ ಶೂವಿನ ಅಡಿ ಪುಡಿಪುಡಿಯಾಗುವುದನ್ನು ನೋಡಿದ್ದೀರಲ್ಲ, ಅದೇ ಕ್ರಿಯೆ. ಮಂಗಳೂರು, ಕಾರವಾರದ ಹವೆಗೆ ಇಂಥದ್ದನ್ನು ಕೊಳ್ಳಲೇಬೇಡಿ.

ಸೈಜಿನ ಅಂಕಿ ಮರೆತುಬಿಡಿ. 1950ರ ದಶಕದ ಅಮೆರಿಕದ 12 ಇವತ್ತಿನ 6ರ ಆಸುಪಾಸು. ಚೆನ್ನಾಗಿ ಹೊಂದುವ ನಿಮ್ಮದೇ ಒಂದು ಉಡುಪನ್ನು ನೆಲಕ್ಕೆ ಹಾಸಿ ಎದೆ, ಸೊಂಟ, ಬೆನ್ನಿನ ಅಗಲ, ತೋಳಿನ ಬುಡ ಅಳೆದುಕೊಂಡು ಕ್ಯಾಟಲಾಗಿನ ಸೆಂಟಿಮೀಟರ್ ಜೊತೆ ಹೋಲಿಸಿ. ಮೈಯಳತೆಗಿಂತ ಉಡುಪಿನ ಎದೆ 4-5 ಸೆಂ.ಮೀ., ಸೊಂಟ 2-3 ಸೆಂ.ಮೀ. ದೊಡ್ಡದಿರಬೇಕು, ಆಗಿನ ಬಟ್ಟೆ ಹಿಗ್ಗುವುದಿಲ್ಲ. ಪಕ್ಕೆಯ ಜಿಪ್ಪಿನ ಉಡುಪನ್ನು ತಲೆ ಮೇಲಿಂದ ಹಾಕಬೇಕು. ನಿಮ್ಮ ಭುಜ ಅದರ ಸೊಂಟದ ತೆರವಿನಲ್ಲಿ ಹಾಯದಿದ್ದರೆ ಅಳತೆ ಸರಿಯಿದ್ದೂ ಉಪಯೋಗವಿಲ್ಲ.

ಕೂಗುವಾಗ

ನೋಂದಣಿಗೆ ಗುರುತಿನ ಚೀಟಿ, ಕಾರ್ಡು ಕೇಳುತ್ತಾರೆ, ಕೆಲವೊಮ್ಮೆ ಠೇವಣಿ ಕೂಡ. ಎರಡು ದಿನ ಮುಂಚೆ ಮುಗಿಸಿ. ಆನ್‌ಲೈನಿನಲ್ಲಿ ನೇರ ಕೂಗುವಾಗ ಚಿತ್ರ ಒಂದೆರಡು ಸೆಕೆಂಡ್ ಹಿಂದಿರುತ್ತದೆ, ‘ಕೊನೇ ಸಲ’ ಎಂದು ನಿಮಗೆ ಕೇಳುವಷ್ಟರಲ್ಲಿ ಸುತ್ತಿಗೆ ಬಿದ್ದಿರಬಹುದು. ಮನಸ್ಸು ಹತೋಟಿಯಲ್ಲಿರದು ಎನ್ನುವವರಿಗೆ ಮುಂಚೆಯೇ ಗರಿಷ್ಠ ಬೆಲೆ ಬರೆದುಕೊಡುವ ದಾರಿ ಇದೆ. ಮನೆ ನಿಮ್ಮ ಪರವಾಗಿ ಆದಷ್ಟು ಕಡಿಮೆಗೆ ಕೂಗುತ್ತದೆ. ಇಬ್ಬರು ಒಂದೇ ಬೆಲೆ ಬರೆದಿದ್ದರೆ ಮೊದಲು ಕೊಟ್ಟವರಿಗೆ ಸಲ್ಲುತ್ತದೆ. ಎಲ್ಲರೂ ಬರೆಯುವುದು 500, 1,000ದಂಥ ದುಂಡು ಅಂಕಿ. ಲೆಕ್ಕ ತಾಳುವುದಾದರೆ ಒಂದು ಮೆಟ್ಟಿಲು ಮೇಲೆ, 550 ಅಥವಾ 1,100 ಬರೆಯಿರಿ. ಆ ಮೆಟ್ಟಿಲನ್ನೂ ಮೊದಲಿನ ಭಾಗಾಕಾರದಲ್ಲಿ ಸೇರಿಸಿರಬೇಕು, ಬಿಸಿಯಲ್ಲಿ ಸೇರಿಸುವುದಲ್ಲ.

ಕನಿಷ್ಠ ಬೆಲೆ ಮುಟ್ಟುವವರೆಗೆ ಹರಾಜುದಾರ ಮಾರುವವರ ಪರವಾಗಿ ತಾನೇ ಕೂಗು ಏರಿಸಬಹುದು, ಷರತ್ತಿನಲ್ಲೇ ಅದು ಬರೆದಿರುತ್ತದೆ. ಕೋಣೆಯಲ್ಲಿ ನೀವೊಬ್ಬರೇ ಇದ್ದು ಬೆಲೆ ಏರುತ್ತಿದ್ದರೆ ಕಾರಣ ಅದು. ಲಾಟ್ ಮಾರಾಟವಾಗದೆ ಉಳಿದರೆ ಅರ್ಧ ಗಂಟೆಯೊಳಗೆ ಮನೆಗೆ ಬರೆದು ಕೆಳಗಿನ ಅಂದಾಜಿಗಿಂತ ತುಸು ಕಡಿಮೆ ಬೆಲೆ ಹೇಳಿ. ವಾಪಸ್ ಸಾಗಿಸುವ ಖರ್ಚು ನೆನೆದು ಮಾರುವವರು ಒಪ್ಪುವುದುಂಟು. ಎದುರಾಳಿಯೇ ಇಲ್ಲದ ಈ ವ್ಯವಹಾರವನ್ನು ಹೊಸಬರು ಬಳಸುವುದೇ ಕಡಿಮೆ.

ಗೆದ್ದ ಮೇಲೆ

ಹಣ ಸಾಮಾನ್ಯವಾಗಿ ಒಂದು ವಾರದೊಳಗೆ ಕಟ್ಟಬೇಕು; ಮಾಲು ಎತ್ತದಿದ್ದರೆ ದಿನದ ಲೆಕ್ಕದಲ್ಲಿ ಗೋದಾಮು ಬಾಡಿಗೆ. ಸುತ್ತಿಗೆ ಬಿದ್ದ ಕ್ಷಣದಿಂದ ಒಡೆದರೆ ಯಾರ ಹೊಣೆ ಎಂಬುದನ್ನು ಷರತ್ತಿನಲ್ಲಿ ನೋಡಿ, ಸಾಗಣೆಗೆ ವಿಮೆ ಮಾಡಿಸಿ. ಸೋಫಾ ಕೊಂಡವರು ಮನೆಯ ಲಿಫ್ಟಿನ ಬಾಗಿಲು, ಮೆಟ್ಟಿಲ ತಿರುವು ಅಳೆದಿರಬೇಕು, ಅದೂ ಕೂಗುವ ಮುಂಚೆ.

ಉಣ್ಣೆ, ರೇಷ್ಮೆ ಉಡುಪು ಬಂದರೆ ಕಪಾಟಿಗೆ ಇಡುವ ಮೊದಲು ನುಸಿ ತೆಗೆಯಿರಿ. ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ಮಣಿ ಹೊಲಿದದ್ದು, ಗಾಜು-ಪ್ಲಾಸ್ಟಿಕ್ ಅಲಂಕಾರ ಇದ್ದದ್ದಕ್ಕೆ ಈ ಉಪಾಯ ಬೇಡ. ಮಣಿಯ ಉಡುಪನ್ನು ನೇತುಹಾಕಲೂಬಾರದು, ತನ್ನ ಭಾರಕ್ಕೆ ತಾನೇ ಭುಜದಲ್ಲಿ ಹರಿಯುತ್ತದೆ. ಗಂಜಿ ತೆಗೆದು ಒಗೆದ ಬಿಳೀ ಮಲ್ ಬಟ್ಟೆ ಹಾಸಿ ಮಲಗಿಸಿ, ಮಡಿಕೆಯ ಜಾಗಕ್ಕೆ ಅದೇ ಬಟ್ಟೆಯ ಸುರುಳಿ ಇಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಅಜ್ಜಿ ಜರಿ ಸೀರೆಗೆ ಮಾಡುತ್ತಿದ್ದ ಹಾಗೆ. ನುಸಿಗುಳಿಗೆ ಬಟ್ಟೆಗೆ ತಾಗುವಂತೆ ಇಡಬೇಡಿ. ಹಳೇ ಪ್ಲಾಸ್ಟಿಕ್ ಗುಂಡಿಗಳನ್ನು ಅದು ಮೆತ್ತಗೆ ಮಾಡಿ ಬಟ್ಟೆಗೇ ಅಂಟಿಸಿಬಿಡುತ್ತದೆ.